ಪ್ರವಾಸದ ಗಂಟು ಹಗುರವಿರಲಿ

ಬೇಸಿಗೆ ರಜೆ ಬಂತೆಂದರೆ ಜತ್ತ ತಾಲೂಕಿನ ನಮ್ಮ ಮನೆಗಳಲ್ಲಿ ಶ್ರವಣಬೆಳಗೊಳ, ಮೂಡಬಿದಿರೆ, ಕಾರ್ಕಳದ ಮಾತು ಏಳುತ್ತದೆ. ‘ನಾವು ಬಿಸಿಲು ಕಂಡವರು, ಬಟ್ಟೆಯದೇನು ಚಿಂತೆ?’ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿಕೊಂಡು ಹೊರಡುತ್ತೇವೆ. ತಪ್ಪುವುದು ಅಲ್ಲಿಯೇ.

ನಮ್ಮದು ಒಣ ಬಿಸಿಲು. ಬೆವರು ಬೇಗ ಆರುತ್ತದೆ, ಒಗೆದ ಸೀರೆಯೂ ಬೇಗ ಒಣಗುತ್ತದೆ. ಘಟ್ಟದ ಕೆಳಗೆ ಗಾಳಿಯಲ್ಲಿಯೇ ನೀರಿನ ಪಸೆ. ಅಲ್ಲಿ ಬೆವರು ಮೈಗೆ ಅಂಟಿಕೊಳ್ಳುತ್ತದೆ, ಸಂಜೆ ಒಗೆದ ದಪ್ಪ ಬಟ್ಟೆ ಬೆಳಗಾದರೂ ಹಸಿಯಾಗಿರುತ್ತದೆ. ಆದ್ದರಿಂದ ಬಟ್ಟೆ ಎಷ್ಟು ಎನ್ನುವುದಕ್ಕಿಂತ ಎಷ್ಟು ಬೇಗ ಒಣಗೀತು ಎನ್ನುವುದು ಮುಖ್ಯ.

ಐದಾರು ದಿನಕ್ಕೆ ಒಬ್ಬರಿಗೆ ಮೂರು ಜೊತೆ ಸಾಕು: ಮೈಮೇಲೊಂದು, ಹಗ್ಗದ ಮೇಲೊಂದು, ಚೀಲದಲ್ಲೊಂದು. ತೆಳು ಹತ್ತಿಯ ಸೀರೆಗಳಿರಲಿ, ಎಲ್ಲಕ್ಕೂ ಹೊಂದುವ ಬಣ್ಣದ ಕುಪ್ಪಸಗಳಿರಲಿ. ಮಕ್ಕಳ ಅಂಗಿಗಳಿಗೂ ಇದೇ ಲೆಕ್ಕ. ಇಳಕಲ್ ಸೀರೆ ಒಂದೇ ಸಾಕು. ಅಭಿಷೇಕದ ಧೋತರ, ಉತ್ತರೀಯಗಳನ್ನು ಬೇರೆ ಚೀಲದಲ್ಲಿಡಿ. ತೆಳುವಾದ ಪಂಚೆಯೊಂದು ಮೈ ಒರೆಸಲು, ಹೊದೆಯಲು, ಕೂಸಿಗೆ ನೆರಳು ಮಾಡಲು ಒದಗುತ್ತದೆ.

ವಿಂಧ್ಯಗಿರಿಯ 600ಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಬೇಕು. ಬಿಸಿಲೇರಿದರೆ ಕಲ್ಲು ಕಾಯುತ್ತದೆ. ಮುಂಜಾನೆಯೇ ಹೊರಡಿ; ಹಿರಿಯರಿಗೆ ದಪ್ಪ ಹತ್ತಿಯ ಕಾಲುಚೀಲ ಮರೆಯಬೇಡಿ.

ಬಸ್ಸು ಬದಲಿಸುವಾಗ ಗಂಟು ಹೊರುವವಳು ಹೆಚ್ಚಾಗಿ ತಾಯಿ. ಊರಿಗೆ ಮರಳಿದ ಮೇಲೆ ಒಗೆಯುವವಳೂ ಅವಳೇ. ಟ್ಯಾಂಕರಿನ ದಾರಿ ಕಾದು ಬೇಸಿಗೆ ಕಳೆದ ನಮ್ಮ ಹಳ್ಳಿಗಳಿಗೆ ಒಂದು ಕೊಡ ನೀರಿನ ಬೆಲೆ ಹೇಳಿಕೊಡಬೇಕೇ? ಪೆಟ್ಟಿಗೆ ಮುಚ್ಚುವ ಮುನ್ನ ಎರಡು ಬಟ್ಟೆ ತೆಗೆದಿಡಿ. ಎರಡು ಕೊಡ ನೀರು ಉಳಿದಂತೆಯೇ.