ಐದು ಪುಟದ ಪ್ರಬಂಧವೂ ಉಲ್ಲೇಖಗಳ ಲೆಕ್ಕವೂ

ಹಾಸನ ಜಿಲ್ಲೆಯ ಚರಿತ್ರೆಯನ್ನು ಕುರಿತ ಯಾವುದಾದರೊಂದು ಪ್ರೌಢಗ್ರಂಥವನ್ನು ತೆರೆದು ನೋಡಿದರೆ, ಪುಟದ ಅಡಿಯಲ್ಲಿ ಬೇಲೂರು, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಎಂಬ ಹೆಸರುಗಳೂ ಅವುಗಳ ಮುಂದೆ ಒಂದೊಂದು ಅಂಕಿಯೂ ಕಾಣಿಸುತ್ತವೆ. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿ ನಮ್ಮ ಜಿಲ್ಲೆಯ ಶಾಸನಗಳು ತಾಲ್ಲೂಕುವಾರಾಗಿ ಅಂಕಿಗಳನ್ನು ಪಡೆದಿವೆ. (ಶ್ರವಣಬೆಳಗೊಳದ ಶಾಸನಗಳಿಗೆ ಎರಡನೆಯ ಸಂಪುಟವೇ ಮೀಸಲು.) ತಾನು ಆಡಿದ ಮಾತಿಗೆ ಯಾವ ಕಲ್ಲು ಆಧಾರವೆಂಬುದನ್ನು ಚರಿತ್ರಕಾರನು ಈ ಅಂಕಿಯ ಮೂಲಕ ತಿಳಿಸುತ್ತಾನೆ. ವಿಜ್ಞಾನಿಯು ತನ್ನ ಪ್ರಬಂಧದ ಕೊನೆಯಲ್ಲಿ ಹಿಂದಿನವರ ಪ್ರಬಂಧಗಳನ್ನು ಹೆಸರಿಸುವುದೂ ಇದೇ ಉದ್ದೇಶದಿಂದ. ಇದಕ್ಕೆ ಉಲ್ಲೇಖವೆಂದು ಹೆಸರು.

ಈಗ ಇದೇ ಸಂಗತಿಯನ್ನು ತಿರುಗುಮುರುಗಾಗಿ ನೋಡೋಣ. ಒಂದು ಗ್ರಂಥವು ಯಾವ ಯಾವ ಶಾಸನವನ್ನು ಹೆಸರಿಸಿದೆ ಎಂದು ಕೇಳುವುದಕ್ಕೆ ಬದಲಾಗಿ, ಒಂದು ಶಾಸನವನ್ನು ಎಷ್ಟು ಗ್ರಂಥಗಳು ಹೆಸರಿಸಿವೆ ಎಂದು ಕೇಳಿದರೆ ಹೇಗೆ? ಅಮೆರಿಕದ ವಕೀಲರು ೧೮೭೩ರಿಂದಲೇ ನ್ಯಾಯಾಲಯದ ತೀರ್ಪುಗಳಿಗೆ ಇಂಥ ಸೂಚಿಯೊಂದನ್ನು ಬಳಸುತ್ತಿದ್ದರು. ಹಳೆಯ ತೀರ್ಪೊಂದನ್ನು ಮುಂದಿನವರು ಎತ್ತಿಹಿಡಿದರೋ ತಳ್ಳಿಹಾಕಿದರೋ ಎಂಬುದು ಅವರಿಗೆ ತಿಳಿಯಬೇಕಾಗಿತ್ತು. ಯೂಜೀನ್ ಗಾರ್ಫೀಲ್ಡ್ ಎಂಬವರು ವಿಜ್ಞಾನಕ್ಕೂ ಇಂಥದೊಂದು ಸೂಚಿ ಬೇಕೆಂದು ೧೯೫೫ರಲ್ಲಿ ಸೂಚಿಸಿದರು. ೧೯೬೪ರ ವೇಳೆಗೆ ಅದು ಸಂಪುಟಗಳ ರೂಪದಲ್ಲಿ ಹೊರಬಂದಿತು. ಒಂದು ವಿಚಾರವು ಎಲ್ಲಿಂದ ಎಲ್ಲಿಗೆ ಹರಿಯಿತೆಂಬುದನ್ನು ಹುಡುಕಿ ತೆಗೆಯುವುದು ಅದರ ಮೂಲೋದ್ದೇಶ. ಹುಡುಕುವ ಸಾಧನವು ಅಳೆಯುವ ಸಾಧನವಾದದ್ದು ಆಮೇಲಿನ ಕಥೆ.

ಅಣುಜೀವವಿಜ್ಞಾನದ ಒಂದು ಪ್ರಬಂಧವನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಈ ಅಳತೆಯ ಗುಣದೋಷಗಳೆರಡೂ ವಾಚಕರಿಗೆ ಗೋಚರವಾಗುವುವು. ಅದರ ಕರ್ತೃಗಳಲ್ಲಿ ಮೊದಲಿಗರಾದ ಜಿ. ಎನ್. ರಾಮಚಂದ್ರನ್ ಅವರು ಶಿಕ್ಷಣದಿಂದ ಭೌತವಿಜ್ಞಾನಿಗಳೆಂಬುದು ಭೌತವಿಜ್ಞಾನವನ್ನು ಬೋಧಿಸುವ ನಮಗೆ ಸಹಜವಾಗಿಯೇ ಸಂತೋಷದ ಸಂಗತಿ. ೧೯೨೨ರಲ್ಲಿ ಎರ್ನಾಕುಲಮಿನಲ್ಲಿ ಜನಿಸಿದ ಅವರು ೧೯೪೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ವಿದ್ಯುತ್ ಎಂಜಿನಿಯರಿಂಗ್ ಕಲಿಯಲೆಂದು, ಸಿ. ವಿ. ರಾಮನ್ ಅವರು ಅವರನ್ನು ಭೌತವಿಜ್ಞಾನದ ಕಡೆಗೆ ಸೆಳೆದುಕೊಂಡರು. ಮುಂದೆ ಅವರು ಕೇಂಬ್ರಿಜ್‌ಗೆ ಹೋಗಿ ಬಂದು, ೧೯೫೨ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು.

ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಲವನ್ನು ಕೊಡುವ ಕೊಲ್ಯಾಜೆನ್ ಎಂಬ ಪ್ರೋಟೀನಿನ ರಚನೆಯನ್ನು ಅವರೂ ಗೋಪಿನಾಥ್ ಕರ್ತಾ ಅವರೂ ೧೯೫೪–೫೫ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಚನ್ನರಾಯಪಟ್ಟಣದ ಕಡೆಯ ನಾರಿನ ಹಗ್ಗದಲ್ಲಿ ಎಳೆಗಳು ಒಂದನ್ನೊಂದು ಸುತ್ತಿಕೊಳ್ಳುವಂತೆ ಮೂರು ಪ್ರೋಟೀನು ಸರಪಣಿಗಳು ಅಲ್ಲಿ ಹೊಸೆದುಕೊಂಡಿವೆ ಎಂಬುದು ಅವರ ವಾದ. ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಅವರು ಇದಕ್ಕೆ ಆಕ್ಷೇಪವನ್ನು ತಂದರು. ಹೊಸೆದ ಎಳೆ ಮೂರೆಂಬುದನ್ನು ಅವರೂ ಒಪ್ಪಿದರು. ಆದರೆ ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರದಲ್ಲಿವೆ ಎಂದರು. ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಆಕ್ಷೇಪಿಸುವವರೂ ತಾವು ಆಕ್ಷೇಪಿಸುವ ಪ್ರಬಂಧವನ್ನು ಹೆಸರಿಸಲೇಬೇಕಷ್ಟೆ! ಲೆಕ್ಕದ ಪುಸ್ತಕದಲ್ಲಿ ಹೊಗಳಿದ ಉಲ್ಲೇಖವೂ ಒಂದೇ, ತೆಗಳಿದ ಉಲ್ಲೇಖವೂ ಒಂದೇ.

ಪರಮಾಣುಗಳು ಒಂದಕ್ಕೊಂದು ಎಷ್ಟು ಹತ್ತಿರ ಬರಬಹುದು? ಈ ಪ್ರಶ್ನೆಯನ್ನೇ ಹಿಡಿದು ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅವರು ಕೆಲಸ ಮಾಡಿದರು. ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರಪಣಿ. ಒಂದು ಆಮ್ಲವನ್ನು ಇನ್ನೊಂದಕ್ಕೆ ಸೇರಿಸುವ ಪೆಪ್ಟೈಡು ಬಂಧವು ಸುಲಭವಾಗಿ ತಿರುಗದು; ಅದರ ಸುತ್ತಲಿನ ಪರಮಾಣುಗಳು ಒಂದು ಚಪ್ಪಟೆ ಬಿಲ್ಲೆಯಂತೆ ಬಿಗಿಯಾಗಿರುತ್ತವೆ. ಹೀಗಾಗಿ ಸರಪಣಿಯನ್ನು ಮೂಲೆಗೆ ಮೂಲೆ ಪೋಣಿಸಿದ ಬಿಲ್ಲೆಗಳ ಸರವೆಂದು ಭಾವಿಸಬಹುದು. ಬಿಲ್ಲೆ ಬಿಲ್ಲೆ ಸೇರುವೆಡೆಯಲ್ಲಿ ಒಂದು ಇಂಗಾಲದ ಪರಮಾಣು ಇದ್ದು, ಅದರ ಎರಡು ಪಕ್ಕಗಳ ಬಂಧಗಳು ಮಾತ್ರ ತಿರುಗಬಲ್ಲವು. ಈ ಎರಡು ತಿರುವುಗಳಿಗೆ ಫೈ ಮತ್ತು ಸೈ ಎಂಬ ಗ್ರೀಕ್ ಅಕ್ಷರಗಳ ಹೆಸರಿದೆ. ಸರಪಣಿಯ ಬೆನ್ನೆಲುಬಿನ ಆಕಾರವೆಲ್ಲ ಈ ಎರಡು ಕೋನಗಳಲ್ಲಿ ಅಡಗಿದೆ.

ಪ್ರತಿಯೊಂದು ಕೋನವನ್ನೂ ಹತ್ತು ಹತ್ತು ಡಿಗ್ರಿಯಂತೆ ತಿರುಗಿಸುತ್ತ ಹೋದರೆ ೩೬ ಸ್ಥಾನಗಳಾಗುತ್ತವೆ; ಎರಡನ್ನೂ ಸೇರಿಸಿದರೆ ೩೬ರ ವರ್ಗ, ಎಂದರೆ ೧,೨೯೬ ಜೋಡಿಗಳು. ಒಂದೊಂದು ಜೋಡಿಯಲ್ಲಿಯೂ ಪರಮಾಣುಗಳು ಪರಸ್ಪರ ತಾಕುವುವೋ ಇಲ್ಲವೋ ಎಂದು ಪರೀಕ್ಷಿಸಿ, ತಾಕದ ಜೋಡಿಗಳನ್ನು ಒಂದು ಚೌಕದಲ್ಲಿ ಗುರುತಿಸಿದರೆ, ಚೌಕದ ಬಹುಭಾಗವು ಬರಿದಾಗಿ ಉಳಿಯುತ್ತದೆ! ಅಲ್ಲಿ ಇಲ್ಲಿ ಕೆಲವು ದ್ವೀಪಗಳು ಮಾತ್ರ ಕಾಣುತ್ತವೆ. ಅವುಗಳಲ್ಲೊಂದು ಆಲ್ಫಾ ಸುರುಳಿಯ ನೆಲೆ, ಮತ್ತೊಂದು ಬೀಟಾ ಹಾಳೆಯ ನೆಲೆ. ಪಕ್ಕದ ಕೊಂಬೆಯೇ ಇಲ್ಲದ ಗ್ಲೈಸೀನಿಗೆ ಮಾತ್ರ ಹೆಚ್ಚಿನ ಸ್ವಾತಂತ್ರ್ಯವುಂಟು. ಇಷ್ಟನ್ನು ಹೇಳುವ ಪ್ರಬಂಧವು ೧೯೬೩ರಲ್ಲಿ ‘ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ’ಯ ಏಳನೆಯ ಸಂಪುಟದಲ್ಲಿ ೯೫ರಿಂದ ೯೯ರವರೆಗಿನ ಐದೇ ಪುಟಗಳಲ್ಲಿ ಅಚ್ಚಾಯಿತು. ಆಕ್ಷೇಪಕ್ಕೆ ಇದಕ್ಕಿಂತ ಘನವಾದ ಉತ್ತರವನ್ನು ನಾವು ಕಾಣೆವು. ರಾಮಚಂದ್ರನ್ ಅವರು ಬೆಂಗಳೂರಿಗೆ ಮರಳಿ ಬಂದು ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದಾಗ ಉಳಿದಿಬ್ಬರೂ ಅಲ್ಲಿಗೇ ಬಂದರು.

ಇನ್ನು ಲೆಕ್ಕಕ್ಕೆ ಬರೋಣ. ಒಬ್ಬ ಸಂಶೋಧಕನ ಬರೆಹಗಳನ್ನು ಅಳೆಯಲು ಈಗ ಬಹಳವಾಗಿ ಬಳಸುವುದು ‘ಎಚ್’ ಸೂಚ್ಯಂಕ. ಇದನ್ನು ೨೦೦೫ರಲ್ಲಿ ಸೂಚಿಸಿದವರು ಹೋರ್ಹೆ ಹಿರ್ಷ್, ಅವರೂ ಭೌತವಿಜ್ಞಾನಿಗಳೇ. ಪ್ರಬಂಧಗಳನ್ನು ಉಲ್ಲೇಖಗಳ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಎಷ್ಟನೆಯ ಪ್ರಬಂಧದವರೆಗೆ ಉಲ್ಲೇಖಗಳು ಆ ಕ್ರಮಾಂಕಕ್ಕಿಂತ ಕಡಿಮೆಯಾಗುವುದಿಲ್ಲವೋ ಅಷ್ಟೇ ಅವನ ಸೂಚ್ಯಂಕ. ಒಬ್ಬನ ಐದು ಪ್ರಬಂಧಗಳಿಗೆ ೪೦, ೧೮, ೬, ೪, ೧ ಉಲ್ಲೇಖಗಳು ದೊರೆತಿದ್ದರೆ ಸೂಚ್ಯಂಕ ೪. ಇನ್ನೊಬ್ಬನ ನಾಲ್ಕು ಪ್ರಬಂಧಗಳಿಗೂ ನಾಲ್ಕು ನಾಲ್ಕೇ ಉಲ್ಲೇಖಗಳಿದ್ದರೂ ಸೂಚ್ಯಂಕ ೪. ಮೊದಲನೆಯವನ ಮೊತ್ತ ೬೯, ಎರಡನೆಯವನದು ೧೬! ಒಂದೇ ಒಂದು ಪ್ರಬಂಧವನ್ನು ಬರೆದವನಿಗೆ ಹತ್ತು ಸಾವಿರ ಉಲ್ಲೇಖಗಳು ಬಂದರೂ ಸೂಚ್ಯಂಕ ೧ನ್ನು ದಾಟುವುದಿಲ್ಲ.

ಪತ್ರಿಕೆಗೂ ಒಂದು ಅಳತೆ ಇದೆ, ಅದನ್ನು ಪ್ರಭಾವಾಂಕವೆನ್ನೋಣ. ಹಿಂದಿನ ಎರಡು ವರ್ಷಗಳಲ್ಲಿ ಪತ್ರಿಕೆಯು ನೂರು ಪ್ರಬಂಧಗಳನ್ನು ಅಚ್ಚುಮಾಡಿದ್ದು, ಈ ವರ್ಷ ಅವುಗಳಿಗೆ ೨೫೦ ಉಲ್ಲೇಖಗಳು ಬಂದರೆ ಪ್ರಭಾವಾಂಕ ೨.೫. ಇದು ಸರಾಸರಿ ಮಾತ್ರ. ನೂರರಲ್ಲಿ ನಾಲ್ಕೈದು ಪ್ರಬಂಧಗಳೇ ಬಹುಪಾಲು ಉಲ್ಲೇಖಗಳನ್ನು ಗಳಿಸಿರುವುದುಂಟು. ತರಗತಿಯ ಸರಾಸರಿ ಅಂಕವನ್ನು ನೋಡಿ ಹಿಂದಿನ ಬೆಂಚಿನ ಹುಡುಗನಿಗೆ ಬಹುಮಾನ ಕೊಡುವುದು ಎಷ್ಟು ಸರಿಯೋ, ಪತ್ರಿಕೆಯ ಪ್ರಭಾವಾಂಕವನ್ನು ನೋಡಿ ಒಬ್ಬ ಸಂಶೋಧಕನನ್ನು ತೂಗುವುದೂ ಅಷ್ಟೇ ಸರಿ. ಹೀಗೆ ತೂಗಕೂಡದೆಂದು ೨೦೧೨ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ವಿಜ್ಞಾನಿಗಳೂ ಸಂಪಾದಕರೂ ಒಂದು ಘೋಷಣೆಯನ್ನು ಸಿದ್ಧಪಡಿಸಿದರು. ಆದರೂ ಹುದ್ದೆ, ಬಡ್ತಿ, ವಿದ್ಯಾರ್ಥಿವೇತನಗಳ ಮಾತು ಬಂದಾಗ ಅಂಕಿಯನ್ನು ಕೇಳುವ ಅಭ್ಯಾಸ ಬಿಟ್ಟುಹೋಗಿಲ್ಲ. ಕೇಳುವವರಿಗೆ ಪ್ರಬಂಧವನ್ನು ಓದುವ ಶ್ರಮ ಉಳಿಯುತ್ತದೆ. ಬರೆಯುವವರಿಗೆ ಒಂದು ಕೆಲಸವನ್ನು ನಾಲ್ಕು ತುಂಡುಮಾಡಿ ನಾಲ್ಕು ಕಡೆ ಅಚ್ಚುಹಾಕಿಸುವ ಆಸೆ ಹುಟ್ಟುತ್ತದೆ. ಇಂದು ಪದವಿ ತರಗತಿಯಲ್ಲಿ ಕುಳಿತಿರುವವರು ನಾಳೆ ಸಂಶೋಧನೆಗೆ ತೊಡಗಿದಾಗ ಈ ಅಂಕಿಗಳು ಅವರಿಗೂ ಎದುರಾಗುವುವು.

ಹಾಗಾದರೆ ಉಲ್ಲೇಖಗಳ ಎಣಿಕೆ ನಿರರ್ಥಕವೆ? ಹಾಗೆನ್ನಲಾಗದು, ಅದು ಏನನ್ನು ಅಳೆಯುತ್ತದೆಂದು ತಿಳಿದಿರಬೇಕು. ೨೦೧೪ರಲ್ಲಿ ‘ನೇಚರ್’ ಪತ್ರಿಕೆಯು ಅತಿ ಹೆಚ್ಚು ಉಲ್ಲೇಖಗೊಂಡ ನೂರು ಪ್ರಬಂಧಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಮೊದಲ ಸ್ಥಾನದಲ್ಲಿದ್ದದ್ದು ಆಲಿವರ್ ಲೌರಿ ಮತ್ತು ಸಂಗಡಿಗರ ೧೯೫೧ರ ಪ್ರಬಂಧ; ಆಗ ಅದರ ಉಲ್ಲೇಖಗಳು ಮೂರು ಲಕ್ಷವನ್ನು ಮೀರಿದ್ದವು. ಅದರಲ್ಲಿರುವುದು ದ್ರಾವಣದಲ್ಲಿ ಎಷ್ಟು ಪ್ರೋಟೀನಿದೆಯೆಂದು ಅಳೆಯುವ ವಿಧಾನ. ಎರಡನೆಯದು ಲೆಮ್ಲಿಯವರ ೧೯೭೦ರ ಪ್ರಬಂಧ, ಮೂರನೆಯದು ಬ್ರಾಡ್‌ಫರ್ಡರ ೧೯೭೬ರದು. ಎರಡೂ ಪ್ರಯೋಗಶಾಲೆಯ ಪ್ರೋಟೀನು ವಿಧಾನಗಳೇ. ಡಿ.ಎನ್.ಎ. ಅಣುವಿನ ಜೋಡಿ ಸುರುಳಿಯನ್ನು ಸಾರಿದ ವಾಟ್ಸನ್ ಮತ್ತು ಕ್ರಿಕ್ ಅವರ ೧೯೫೩ರ ಪ್ರಬಂಧಕ್ಕೆ ಆ ನೂರರಲ್ಲಿ ಸ್ಥಾನವಿರಲಿಲ್ಲ! ಅಡುಗೆಯವನು ಸೌಟನ್ನು ದಿನವೂ ಕೈಗೆತ್ತಿಕೊಳ್ಳುತ್ತಾನೆ, ಬೆಂಕಿಯನ್ನು ಕಂಡುಹಿಡಿದವನನ್ನು ನೆನೆಯುವುದಿಲ್ಲ.

ರಾಮಚಂದ್ರನ್ ನಕ್ಷೆಗೂ ಇದೇ ಗತಿ. ಒಂದು ವಿಚಾರವು ಪಠ್ಯಪುಸ್ತಕವನ್ನು ಸೇರಿ ಎಲ್ಲರ ಸ್ವತ್ತಾದ ಮೇಲೆ ಅದರ ಮೂಲವನ್ನು ಹೆಸರಿಸುವ ಅಗತ್ಯ ಯಾರಿಗೂ ತೋರುವುದಿಲ್ಲ; ‘ರಾಮಚಂದ್ರನ್ ನಕ್ಷೆ’ ಎಂದರೆ ಸಾಕು. ಹೆಸರು ನಿಂತಿತು, ಉಲ್ಲೇಖ ನಿಂತುಹೋಯಿತು. ಅದರಲ್ಲಿಯೂ ರಾಮಕೃಷ್ಣನ್, ಶಶಿಶೇಖರನ್ ಅವರ ಹೆಸರುಗಳು ನಕ್ಷೆಗೆ ಅಂಟಲಿಲ್ಲ. ಆ ಮಟ್ಟಿಗೆ, ಮೂವರಿಗೂ ಸಮನಾಗಿ ಲೆಕ್ಕಕೊಡುವ ಉಲ್ಲೇಖಸೂಚಿಯೇ ಹೆಚ್ಚು ನ್ಯಾಯವಂತವೆನ್ನಬೇಕು.

ಸೂಚಿಯ ಇನ್ನೊಂದು ಕೊರತೆಗೆ ನಮ್ಮ ಜಿಲ್ಲೆಯಲ್ಲಿಯೇ ದೃಷ್ಟಾಂತವಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವು, ಸುಮಾರು ೪೫೦ರ ಕಾಲದ್ದು, ೧೯೩೬ರಲ್ಲಿ ಎಂ. ಎಚ್. ಕೃಷ್ಣ ಅವರ ಮೂಲಕ ಬೆಳಕಿಗೆ ಬಂದಿತು. ರೈಸ್ ಅವರ ೧೯೦೨ರ ಸಂಪುಟದಲ್ಲಿ ಅದಕ್ಕೆ ಅಂಕಿಯಿಲ್ಲ. ಅಂದೂ ಕಲ್ಲು ಇತ್ತು, ಅಕ್ಷರವೂ ಇತ್ತು. ಪಟ್ಟಿಯಲ್ಲಿ ಮಾತ್ರ ಇರಲಿಲ್ಲ. ಸೂಚಿಗಳು ಎಣಿಸುವುದು ತಾವು ಆರಿಸಿಕೊಂಡ ಪತ್ರಿಕೆಗಳನ್ನು ಮಾತ್ರ. ಅದರ ಹೊರಗೆ ಅಚ್ಚಾದ ಪ್ರಬಂಧವನ್ನು ಎಷ್ಟು ಜನ ಓದಿ ಬಳಸಿದರೂ ಅದು ಲೆಕ್ಕಕ್ಕೆ ಬಾರದು.

ಇಂದು ಯಾವುದಾದರೂ ಪ್ರೋಟೀನಿನ ರಚನೆಯನ್ನು ಜಾಗತಿಕ ಪ್ರೋಟೀನು ಭಂಡಾರಕ್ಕೆ ಸೇರಿಸುವಾಗ, ಅದರ ಎಷ್ಟು ಕೊಂಡಿಗಳು ರಾಮಚಂದ್ರನ್ ನಕ್ಷೆಯ ನಿಷಿದ್ಧ ಪ್ರದೇಶದಲ್ಲಿ ಬಿದ್ದಿವೆಯೆಂದು ಪರೀಕ್ಷಿಸುತ್ತಾರೆ. ಹೆಚ್ಚು ಬಿದ್ದಿದ್ದರೆ ರಚನೆಯನ್ನೇ ಸಂಶಯದಿಂದ ನೋಡಬೇಕಾಗುತ್ತದೆ. ಪರೀಕ್ಷೆಯ ವರದಿಯಲ್ಲಿ ಇದಕ್ಕೆಂದೇ ಒಂದು ಸಾಲು ಇರುತ್ತದೆ. ಭಂಡಾರವು ಎಲ್ಲರಿಗೂ ತೆರೆದಿದೆ. ಅರಕಲಗೂಡಿನ ವಿದ್ಯಾರ್ಥಿಯೂ ಹಿಮೋಗ್ಲೋಬಿನ್ನಿನ ರಚನೆಯನ್ನು ತೆಗೆದು ಆ ಸಾಲನ್ನು ನೋಡಬಹುದು. ವರದಿಯು ಪ್ರಬಂಧವಲ್ಲವಾದ್ದರಿಂದ ಆ ಸಾಲು ಉಲ್ಲೇಖಗಳ ಲೆಕ್ಕಕ್ಕೆ ಸೇರುವುದಿಲ್ಲ.