ಬಿಸಿಲಿದೆ, ಕರೆಂಟಿಲ್ಲ

ಕಳೆದ ಏಪ್ರಿಲ್‌ನ ಒಂದು ಮಟಮಟ ಮಧ್ಯಾಹ್ನ ಬೀದಿಗೆಲ್ಲ ಕರೆಂಟು ಹೋಯಿತು. ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆಯೆಂಬ ಜಂಬದಲ್ಲಿ ಕೂತಿದ್ದೆ. ತಲೆ ಮೇಲಿನ ಫ್ಯಾನು ನಿಧಾನಕ್ಕೆ ನಿಂತೇ ಹೋಯಿತು. "ಅಷ್ಟು ದುಡ್ಡು ಸುರಿದು ಏನು ಬಂತು?" ಎಂದರು ಅತ್ತೆ. ಪ್ಯಾನೆಲ್ ಕೂರಿಸಿ ಹೋದವರು ಈ ಸಂಗತಿ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ.

ಕೆಟ್ಟದ್ದೇನೂ ಇರಲಿಲ್ಲ. ಬ್ಯಾಟರಿಯಿಲ್ಲದೆ ನೇರ ಲೈನಿಗೆ ಸೇರಿಸಿದ ಇನ್ವರ್ಟರು, ಬೀದಿಯ ವಿದ್ಯುತ್ತು ಸೆಕೆಂಡಿಗೆ 50 ಸಲ ಹಾಕುವ ತಾಳಕ್ಕೆ ಹೆಜ್ಜೆ ಹಾಕುತ್ತದೆ. ತಾಳ ನಿಂತರೆ ತಾನೂ ನಿಲ್ಲುತ್ತದೆ. ನಿಲ್ಲದಿದ್ದರೆ, ಲೈನ್ ಆಫ್ ಆಗಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯ ಕರೆಂಟು ಹೊಡೆದೀತು.

ಇನ್ನೊಂದು ಸೋಜಿಗ: ಸೋಲಾರ್‌ಗೆ ಬೇಕಾದ್ದು ಬೆಳಕು, ಸೆಕೆಯಲ್ಲ. ಸಿಲಿಕಾನ್ ಬಿಲ್ಲೆಯ ಮೇಲೆ ಬಿದ್ದ ಬೆಳಕು ಅದರೊಳಗಿನ ಎಲೆಕ್ಟ್ರಾನುಗಳನ್ನು ಬಿಡಿಸಿ ಓಡಿಸುತ್ತದೆ; ಬಿಲ್ಲೆ ಕಾದಷ್ಟೂ ಓಟದ ಕಸುವು ಕುಗ್ಗುತ್ತದೆ. ಪ್ಯಾನೆಲ್ ಹಿಂದೆ ಅಂಟಿಸಿದ 540 ವ್ಯಾಟ್ ಎಂಬ ಚೀಟಿ, ಬಿಲ್ಲೆ 25 ಡಿಗ್ರಿಯಲ್ಲಿದ್ದಾಗಿನ ಲೆಕ್ಕ. ಬೇಸಿಗೆಯಲ್ಲಿ ಅದು 65 ಡಿಗ್ರಿ ಮುಟ್ಟಿದರೆ ಹತ್ತಿರ ಹತ್ತಿರ ಏಳರಲ್ಲೊಂದು ಪಾಲು ಖೋತಾ. ಅದಕ್ಕೇ ಪ್ಯಾನೆಲ್ಲನ್ನು ತಾರಸಿಗೆ ಅಂಟಿಸದೆ, ಅಡಿಯಲ್ಲಿ ಗಾಳಿಯಾಡುವಂತೆ ಎತ್ತಿ ನಿಲ್ಲಿಸುವುದು.

ಸೆಕೆಗಿಂತ ದೊಡ್ಡ ಶತ್ರು ನೆರಳು. ಮೋಲ್ಡ್ ಹಾಕುವ ದಿನ ಬಾಂಡ್ಲಿ ಕೈಯಿಂದ ಕೈಗೆ ಮೇಲೇರುವುದನ್ನು ನೋಡಿರುತ್ತೀರಿ. ಸಾಲಿನಲ್ಲೊಬ್ಬ ಸುಸ್ತಾದರೆ ಇಡೀ ಸಾಲೇ ನಿಧಾನ. ಬಿಲ್ಲೆಗಳೂ ಹಾಗೇ ಸಾಲಾಗಿ ಜೋಡಿಸಿದವು. ಸುಸ್ತಾದವನನ್ನು ಬದಿಗೆ ಸರಿಸಲು ಪ್ಯಾನೆಲ್ಲಿಗೆ ಸಾಮಾನ್ಯವಾಗಿ ಮೂರು ಡಯೋಡ್ ಇರುತ್ತವೆ, ಆದರೆ ಒಂದೊಂದು ಡಯೋಡ್ ಸರಿಸುವುದು ಮೂರನೇ ಒಂದು ಭಾಗವನ್ನೇ. ಪಕ್ಕದ ಮನೆಯ ತೆಂಗಿನ ಒಂದು ಗರಿ ನಾಲ್ಕು ಗಂಟೆಗೆ ನಮ್ಮ ಕೊನೆಯ ಪ್ಯಾನೆಲ್ ಮೇಲೆ ಬೆರಳಾಡಿಸಿದರೂ ಸಾಕು, ಮೊಬೈಲಿನ ಗ್ರಾಫ್ ಥಟ್ಟನೆ ಇಳಿಯುತ್ತದೆ.

ಇನ್ನು ದುಡ್ಡಿನ ಮಾತು. ಕರ್ನಾಟಕದ ಬಯಲುಸೀಮೆಯಲ್ಲಿ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ಸುಮಾರು ನೂರು ಚದರಡಿ ಜಾಗ ಬೇಡುತ್ತದೆ. ಮೂರು ಕಿಲೋವ್ಯಾಟಿಗೆ ತಿಂಗಳಿಗೆ 360 ಯೂನಿಟ್. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಬ್ಸಿಡಿ. ಅದು ಕಳೆದು ನನ್ನ ಕೈಯಿಂದ ಹೋದದ್ದು ಒಂದು ಲಕ್ಷದ ಮೇಲೆ ಸ್ವಲ್ಪ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ, ಬಂದದ್ದನ್ನೆಲ್ಲ ಬಳಸುವ ಮನೆಗೆ ಐದು ವರ್ಷದೊಳಗೆ ಅಸಲು ವಾಪಸ್. ಪ್ಯಾನೆಲ್ಲಿಗೆ 25 ವರ್ಷದ ಭರವಸೆ ಕೊಡುತ್ತಾರೆ. ಇನ್ವರ್ಟರು ಅಷ್ಟು ಬಾಳುವುದಿಲ್ಲ, ನಡುವೆ ಒಮ್ಮೆ ಬದಲಿಸುವ ಖರ್ಚು ತೆಗೆದಿಡಿ. ನಿಗದಿತ ಶುಲ್ಕವೂ ತಪ್ಪುವುದಿಲ್ಲ. ಲೈನಿಗೆ ಕೊಟ್ಟ ಹೆಚ್ಚುವರಿ ಯೂನಿಟ್ಟಿಗೆ ಸಿಗುವ ದರ, ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಹಾಗಾಗಿ ನಮ್ಮನೆ ವಾಷಿಂಗ್ ಮಷಿನ್ನು ಈಗ ತಿರುಗುವುದು ಹನ್ನೊಂದು ಗಂಟೆಗೆ.

ತೆಂಗಿನ ಮರದ ಮನೆಯ ಅಜ್ಜಿ ಮೊನ್ನೆ ಬಿಲ್ಲು ಹಿಡಿದುಕೊಂಡು ಬಂದು, "ನಾವೂ ಹಾಕಿಸಿಬಿಡೋಣವೇನಪ್ಪಾ?" ಎಂದರು. ತಿಂಗಳಿಗೆ ನೂರು ಚಿಲ್ಲರೆ ಯೂನಿಟ್. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಏನನ್ನು ಉಳಿಸುವುದು? ಬೇಡಜ್ಜಿ ಎಂದೆ. ಗರಿಯ ವಿಷಯ ಎತ್ತಬೇಕೆಂದಿದ್ದೆ. ಅಷ್ಟರಲ್ಲಿ ಅವರು ಸೆರಗಿನಡಿಯಿಂದ ಎರಡು ತೆಂಗಿನಕಾಯಿ ತೆಗೆದು ಮೇಜಿನ ಮೇಲಿಟ್ಟರು.