ಕಾಲೇಜು ಕಾಲ್ಚೆಂಡಾಟದಲ್ಲಿ ಸಹಾಯಕ ತರಬೇತುದಾರನ ಆಯ್ಕೆ

೨೦೨೧ನೆಯ ಇಸವಿಯ ಆಗಸ್ಟ್ ೨೨ರಂದು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಸಯ್ಯದ್ ಶಾಹಿದ್ ಹಕೀಂ ಅವರು ತಮ್ಮ ೮೨ನೆಯ ವಯಸ್ಸಿನಲ್ಲಿ ತೀರಿಕೊಂಡರು. ೧೯೬೦ರ ರೋಮ್ ಒಲಿಂಪಿಕ್ಸಿಗೆ ತೆರಳಿದ ಭಾರತದ ಕಾಲ್ಚೆಂಡಾಟದ ತಂಡದಲ್ಲಿ ಅವರಿದ್ದರು. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದರು. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ರೆಫರಿಯಾಗಿದ್ದರು. ೨೦೧೭ರಲ್ಲಿ ಧ್ಯಾನಚಂದ್ ಪ್ರಶಸ್ತಿಯನ್ನು ಪಡೆದರು. ಇವೆಲ್ಲವೂ ಅಂದಿನ ಪತ್ರಿಕೆಗಳಲ್ಲಿ ಬಂದುವು. ಅವರು ವಹಿಸಿದ ಇನ್ನೊಂದು ಕೆಲಸ ಮಾತ್ರ ಒಂದು ಸಾಲಿನಲ್ಲಿ ಮುಗಿದುಹೋಯಿತು: ೧೯೮೨ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪಿ. ಕೆ. ಬ್ಯಾನರ್ಜಿಯವರಿಗೆ ಅವರು ಸಹಾಯಕ ತರಬೇತುದಾರರಾಗಿದ್ದರು. ಆ ಒಂದು ಸಾಲಿನಲ್ಲಿರುವ 'ಸಹಾಯಕ' ಎಂಬ ಪದವೇ ಪ್ರಸ್ತುತ ಲೇಖನದ ವಿಷಯ.

ವಿದ್ಯಾಭ್ಯಾಸವನ್ನೇ ತನ್ನ ಮೊದಲ ಕರ್ತವ್ಯವೆಂದು ಬಗೆಯುವ ಕಾಲೇಜೊಂದು ತನ್ನ ಕಾಲ್ಚೆಂಡಾಟದ ತಂಡಕ್ಕೆ ಸಹಾಯಕನೊಬ್ಬನನ್ನು ಆರಿಸಿಕೊಳ್ಳುವಾಗ ಅವನಲ್ಲಿ ಏನನ್ನು ನೋಡಬೇಕು? ಇತಿಹಾಸ ವಿಭಾಗದ ವಾರ್ಷಿಕ ಪತ್ರಿಕೆಯಲ್ಲಿ ಇಂಥ ಪ್ರಶ್ನೆಗೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ಆದರೆ ರಾಜ್ಯಗಳಿಗೆ ಇರುವಂತೆ ಹುದ್ದೆಗಳಿಗೂ ಇತಿಹಾಸವುಂಟು. ಒಂದು ಹುದ್ದೆಗೆ ಸಂಸ್ಥೆಯು ಯಾರನ್ನು, ಯಾವ ಪರೀಕ್ಷೆಯಿಂದ ಆರಿಸುತ್ತದೆ ಎಂಬುದರಿಂದ ಆ ಸಂಸ್ಥೆಯ ಮನಸ್ಸು ತಿಳಿದುಬರುತ್ತದೆ. ಆದಕಾರಣ ಈ ಪ್ರಶ್ನೆಯನ್ನು ನಮ್ಮ ನೆಲದ ಚರಿತ್ರೆಯಿಂದಲೇ ಆರಂಭಿಸೋಣ.

ಹೈದರಾಬಾದಿನ ಬಳುವಳಿ

೧೯೫೬ರ ನವೆಂಬರ್ ೧ರವರೆಗೆ ಕಲಬುರಗಿಯು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಇಲ್ಲಿಯ ಉಚ್ಚ ಶಿಕ್ಷಣವು ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆಗೆ ಮುಖಮಾಡಿತ್ತು. ಏಕೀಕರಣದ ಅನಂತರ ನಮ್ಮ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದುವು. ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಹುಟ್ಟಿತು. ಹೀಗೆ ಪಾಠಪಟ್ಟಿಯಲ್ಲಿ ನಾವು ಹೈದರಾಬಾದನ್ನು ಬಿಟ್ಟು ಬಹುಕಾಲವಾಯಿತು. ಆದರೆ ಕಾಲ್ಚೆಂಡಾಟದ ವಿಷಯದಲ್ಲಿ ಆ ಊರು ನಮಗೆ ಕಲಿಸಬಹುದಾಗಿದ್ದ ಪಾಠವನ್ನು ನಾವು ಇನ್ನೂ ಪೂರ್ತಿಯಾಗಿ ಓದಿಲ್ಲ.

ಆ ಪಾಠವೆಂದರೆ ಹಕೀಂ ಅವರ ತಂದೆ ಸಯ್ಯದ್ ಅಬ್ದುಲ್ ರಹೀಮರ ಜೀವನ. ರಹೀಮರು (೧೯೦೯-೧೯೬೩) ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು. ವೃತ್ತಿಯಿಂದ ಶಾಲೆಯ ಮಾಸ್ತರರು. ೧೯೫೦ರಿಂದ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ತರಬೇತುಗೊಳಿಸಿದರು. ಆ ತಂಡವು ೧೯೫೦ರಿಂದ ೧೯೫೪ರವರೆಗೆ ಸತತವಾಗಿ ಐದು ಸಲ ರೋವರ್ಸ್ ಕಪ್ ಗೆದ್ದಿತು. ಅವರ ಕೈಕೆಳಗೆ ಭಾರತವು ೧೯೫೧ರಲ್ಲಿ ದೆಹಲಿಯಲ್ಲಿಯೂ ೧೯೬೨ರಲ್ಲಿ ಜಕಾರ್ತದಲ್ಲಿಯೂ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು ಪಡೆಯಿತು. ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು.

ಈ ಗೆಲುವುಗಳು ಸುಪ್ರಸಿದ್ಧವಾದವು. ನಾವು ಗಮನಿಸಬೇಕಾದುದು ಅವರ ಕ್ರಮವನ್ನು. ಚೆಂಡನ್ನು ಕಾಲಿನಲ್ಲೇ ಇಟ್ಟುಕೊಂಡು ಓಡುವುದನ್ನು ನಿಷೇಧಿಸಿದ ಪಂದ್ಯಾಟಗಳನ್ನು ಅವರು ಏರ್ಪಡಿಸಿದರು. ದುರ್ಬಲವಾದ ಕಾಲಿನಿಂದಲೇ ಒದೆಯಬೇಕೆಂಬ ಪಂದ್ಯಾಟಗಳನ್ನೂ ನಡೆಸಿದರು. ಇದು ತರಗತಿಯನ್ನು ಬಲ್ಲವನ ಉಪಾಯ. ವ್ಯಾಕರಣದಲ್ಲಿ ಹಿಂದೆ ಬಿದ್ದ ಹುಡುಗನಿಗೆ ಒಳ್ಳೆಯ ಮಾಸ್ತರನು ಅವನಿಗೆ ಬಾರದ ಪ್ರಯೋಗವನ್ನೇ ಹತ್ತು ಸಲ ಬರೆಯಿಸುತ್ತಾನಲ್ಲವೆ? ಅಂತೆಯೇ ರಹೀಮರು ಮೈದಾನವನ್ನು ಪಾಠಶಾಲೆಯನ್ನಾಗಿ ಕಂಡರು. ಅವರ ತಂಡದಲ್ಲಿ ಆಡಿ ಬೆಳೆದ ಬ್ಯಾನರ್ಜಿಯವರು ಮುಂದೆ ತಾವೇ ತರಬೇತುದಾರರಾದರು. ಅವರಿಗೆ ಸಹಾಯಕರಾಗಿ ನಿಂತವರು ರಹೀಮರ ಮಗ. ಆ ಸಹಾಯಕರು ಮುಂದೆ ಸ್ವತಂತ್ರವಾಗಿ ಮಹೀಂದ್ರ ಅಂಡ್ ಮಹೀಂದ್ರ ತಂಡವನ್ನು ನಡೆಸಿ ಡುರಾಂಡ್ ಕಪ್ ಗೆಲ್ಲಿಸಿದರು. ಇಲ್ಲಿ ಸಹಾಯಕತ್ವವು ಒಂದು ಕಲಿಕೆಯ ಅವಧಿ, ಒಂದು ಗುರುಕುಲ.

ಅಮೆರಿಕದ ಕಾಲೇಜುಗಳ ಪದ್ಧತಿ

ಸಹಾಯಕನ ಹುದ್ದೆಯನ್ನು ಅತ್ಯಂತ ವಿಸ್ತಾರವಾಗಿ ಬೆಳೆಸಿದವರು ಅಮೆರಿಕದ ವಿಶ್ವವಿದ್ಯಾಲಯದವರು. ಅಲ್ಲಿ ಫುಟ್ಬಾಲ್ ಎಂದು ಕರೆಯುವ ಆಟವು ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೊಂದು ಆಟ. ಆದರೂ ಹುದ್ದೆಯ ರಚನೆಯನ್ನು ಹೋಲಿಸಬಹುದು. ಅಲ್ಲಿ ಮೇಲ್ದರ್ಜೆಯ ತಂಡಗಳಿಗೆ ೨೦೧೮ರಿಂದ ಹತ್ತು ಮಂದಿ ಸಹಾಯಕರನ್ನು ಇಟ್ಟುಕೊಳ್ಳಲು ಅವಕಾಶವಾಯಿತು. ಆಟಗಾರರಿಗೆ ಕಲಿಸುವವರ ಸಂಖ್ಯೆಗಿದ್ದ ಮಿತಿಯನ್ನು ೨೦೨೪ರಲ್ಲಿ ಸಡಿಲಿಸಿದರು. ಒಬ್ಬನು ಚೆಂಡೆಸೆಯುವವನಿಗೆ, ಇನ್ನೊಬ್ಬನು ಅದನ್ನು ಹಿಡಿಯುವವರಿಗೆ, ಮತ್ತೊಬ್ಬನು ಮುಂದಿನ ಸಾಲಿನವರಿಗೆ ಕಲಿಸುತ್ತಾನೆ. ಇವರನ್ನು ಆರಿಸಿಕೊಳ್ಳುವವನು ಮುಖ್ಯ ತರಬೇತುದಾರನೇ. ಅವನು ಹೋದರೆ ಇವರೂ ಬಹುಮಟ್ಟಿಗೆ ಹೋಗುತ್ತಾರೆ.

ಈ ಸಹಾಯಕರಿಗೆ ಕಲಿಸುವುದಲ್ಲದೆ ಇನ್ನೊಂದು ಹೊಣೆಯೂ ಉಂಟು: ಪ್ರೌಢಶಾಲೆಗಳನ್ನು ಸುತ್ತಿ ಮುಂದಿನ ವರ್ಷದ ಹುಡುಗರನ್ನು ಹುಡುಕಿ ತರುವುದು. ವಿದ್ಯೆಗೆ ಹೆಸರಾದ ಸಂಸ್ಥೆಗಳ ಕಷ್ಟವು ಆರಂಭವಾಗುವುದು ಇಲ್ಲಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮೊದಲಾದ ಎಂಟು ವಿಶ್ವವಿದ್ಯಾಲಯಗಳು ೧೯೫೪ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಆಟಕ್ಕಾಗಿ ವಿದ್ಯಾರ್ಥಿವೇತನವನ್ನು ಕೊಡುವುದಿಲ್ಲ. ಅಂಥಲ್ಲಿ ಸಹಾಯಕನು ಬಲಶಾಲಿಯಾದ ಹುಡುಗನನ್ನು ಕಂಡೊಡನೆ ಸಂತೋಷಪಡುವಂತಿಲ್ಲ. ಅವನ ಅಂಕಪಟ್ಟಿಯನ್ನು ಓದಬೇಕು, ಈ ಹುಡುಗನು ನಮ್ಮ ತರಗತಿಯಲ್ಲಿ ಕುಳಿತು ದಡ ಸೇರುವನೇ ಎಂದು ಅಳೆಯಬೇಕು, ಅವನ ತಂದೆತಾಯಿಗಳಿಗೆ ಆ ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಬಿಲ್ ವಾಲ್ಶ್ ಎಂಬವರ ಉದಾಹರಣೆಯು ಇಲ್ಲಿ ಉಪಯುಕ್ತವಾದುದು. ಅವರು ೧೯೫೯ರಲ್ಲಿ ತಮ್ಮ ಸ್ನಾತಕೋತ್ತರ ಪದವಿಗಾಗಿ ಆಟದ ವ್ಯೂಹವೊಂದನ್ನೇ ಕುರಿತು ಪ್ರಬಂಧವನ್ನು ಬರೆದರು. ೧೯೬೩ರಿಂದ ೧೯೬೫ರವರೆಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಸಹಾಯಕರಾಗಿದ್ದರು. ೧೯೭೭ರಲ್ಲಿ ಅಲ್ಲಿಗೇ ಮುಖ್ಯ ತರಬೇತುದಾರರಾಗಿ ಮರಳಿದರು. ಹೈದರಾಬಾದಿನ ಮಾಸ್ತರರಿಗೂ ಇವರಿಗೂ ಆಟವೂ ಬೇರೆ, ದೇಶವೂ ಬೇರೆ. ಆದರೆ ಕಲಿಸುವುದೂ ಒಂದು ವಿದ್ಯೆಯೆಂಬ ನಂಬಿಕೆ ಒಂದೇ.

ನಮ್ಮ ನಿಯಮಾವಳಿ

ಈಗ ನಮ್ಮ ಕಾಲೇಜುಗಳಿಗೆ ಬರೋಣ. ಇಲ್ಲಿ ಹತ್ತು ಮಂದಿ ಸಹಾಯಕರ ಮಾತೇ ಇಲ್ಲ. ಸಾಮಾನ್ಯವಾಗಿ ಒಂದು ಕಾಲೇಜಿಗೆ ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರು. ವಿದ್ಯಾರ್ಥಿಗಳ ಬಾಯಲ್ಲಿ 'ಪಿ.ಡಿ. ಸರ್'. ಕಬಡ್ಡಿ, ಖೊಖೊ, ವಾಲಿಬಾಲ್, ಓಟ, ಕಾಲ್ಚೆಂಡಾಟ ಎಲ್ಲವೂ ಅವರೊಬ್ಬರ ತಲೆಯ ಮೇಲೆ. ಆದುದರಿಂದ ಕಾಲ್ಚೆಂಡಾಟಕ್ಕೆ ಪ್ರತ್ಯೇಕವಾಗಿ ನೆರವಾಗುವವರು ಹಳೆಯ ವಿದ್ಯಾರ್ಥಿಯೋ, ಆಟ ಬಲ್ಲ ಉಪನ್ಯಾಸಕರೋ, ಗೌರವಧನಕ್ಕೆ ಬರುವ ಹೊರಗಿನವರೋ ಆಗಿರುತ್ತಾರೆ. ನಮ್ಮಲ್ಲಿ ಸಹಾಯಕನೆಂದರೆ ಇವನೇ.

ಕಾಯಂ ಹುದ್ದೆಗೆ ಮಾತ್ರ ಸ್ಪಷ್ಟವಾದ ನಿಯಮಗಳುಂಟು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ೨೦೧೮ರ ನಿಯಮಾವಳಿಯು ವಿಶ್ವವಿದ್ಯಾಲಯದ ಸಹಾಯಕ ನಿರ್ದೇಶಕನನ್ನೂ ಕಾಲೇಜಿನ ನಿರ್ದೇಶಕನನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. ಶೇಕಡ ೫೫ ಅಂಕಗಳೊಡನೆ ದೈಹಿಕ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ, ಅಂತರ ಕಾಲೇಜು ಅಥವಾ ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಆಡಿದ ದಾಖಲೆ, ರಾಷ್ಟ್ರೀಯ ಅಥವಾ ರಾಜ್ಯ ಅರ್ಹತಾ ಪರೀಕ್ಷೆ, ಇವುಗಳ ಜೊತೆಗೆ ದೇಹದಾರ್ಢ್ಯದ ಪರೀಕ್ಷೆ. ಮೂವತ್ತು ವರ್ಷದೊಳಗಿನ ಪುರುಷನು ಹನ್ನೆರಡು ನಿಮಿಷಗಳಲ್ಲಿ ೧೮೦೦ ಮೀಟರ್, ಅದೇ ವಯಸ್ಸಿನ ಮಹಿಳೆಯು ಎಂಟು ನಿಮಿಷಗಳಲ್ಲಿ ೧೦೦೦ ಮೀಟರ್ ಕ್ರಮಿಸಬೇಕು.

ಈ ನಿಯಮಗಳನ್ನು ನಾವು ಹಳಿಯುವುದಿಲ್ಲ. ಓದಿದವನು, ಆಡಿದವನು, ಓಡಬಲ್ಲವನು ಬರಲಿ ಎಂಬ ಉದ್ದೇಶವು ಒಳ್ಳೆಯದೇ. ಆದರೆ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ತರಬೇತಿ ಶಿಬಿರಗಳನ್ನು ನಡೆಸಿದ, ಉತ್ತಮ ತಂಡಗಳನ್ನು ತಯಾರಿಸಿದ ಸಾಕ್ಷ್ಯವನ್ನು ಅದೇ ನಿಯಮಾವಳಿಯು ಕೇಳಿದ್ದು ಮೇಲಿನ ಮೆಟ್ಟಿಲಾದ ಉಪನಿರ್ದೇಶಕನ ಹುದ್ದೆಗೆ. ಕೆಳಗಿನ ಮೆಟ್ಟಿಲಿನಲ್ಲಿ, ಎಂದರೆ ಹುಡುಗರ ನಡುವೆ ದಿನವೂ ನಿಲ್ಲಬೇಕಾದವನಿಗೆ, 'ನೀನು ಕಲಿಸಬಲ್ಲೆಯಾ?' ಎಂಬ ಪ್ರಶ್ನೆಯೇ ಕನಿಷ್ಠ ಅರ್ಹತೆಗಳಲ್ಲಿ ಇರಲಿಲ್ಲ. ಇತ್ತ ಕಲಿಸುವ ಕುಶಲತೆಗೆ ಬೇರೆಯೇ ಒಂದು ಏಣಿಯುಂಟು: ೧೯೬೧ರಲ್ಲಿ ಪಟಿಯಾಲದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ, ಏಷ್ಯನ್ ಫುಟ್ಬಾಲ್ ಒಕ್ಕೂಟದ ಪರವಾನಗಿಗಳು. ಒಂದು ಏಣಿಯನ್ನು ಹತ್ತಿದವನು ಇನ್ನೊಂದನ್ನು ಹತ್ತಿರಲೇಬೇಕೆಂದಿಲ್ಲ. ಪದವಿಯ ಏಣಿಗೂ ಕುಶಲತೆಯ ಏಣಿಗೂ ನಡುವಣ ಈ ಅಂತರದಲ್ಲಿಯೇ ನಮ್ಮ ವಿದ್ಯಾರ್ಥಿಯು ನಿಂತಿದ್ದಾನೆ.

ಒಂದು ಆಯ್ಕೆಯ ಅನುಭವ

ಕೆಲವು ವರ್ಷಗಳ ಹಿಂದೆ ಕಾಲೇಜೊಂದರ ಕಾಲ್ಚೆಂಡಾಟದ ತಂಡಕ್ಕೆ ಗೌರವಧನದ ಮೇಲೆ ಸಹಾಯಕನನ್ನು ಆರಿಸುವ ಸಮಿತಿಯಲ್ಲಿ ನಾವೂ ಕುಳಿತಿದ್ದೆವು. ಮೂವರು ಅಭ್ಯರ್ಥಿಗಳು ಬಂದಿದ್ದರು. ಒಬ್ಬರ ಬಳಿ ಪ್ರಮಾಣಪತ್ರಗಳ ದಪ್ಪನೆಯ ಕಡತವಿತ್ತು. ಇನ್ನೊಬ್ಬರು ಹೆಸರಾಂತ ಆಟಗಾರರು. ಮೂರನೆಯವರು ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿ, ಸಂಜೆ ಮಕ್ಕಳಿಗೆ ಗಣಿತದ ಮನೆಪಾಠ ಹೇಳುತ್ತಿದ್ದವರು. ನಾವು ಕಡತವನ್ನು ತಿರುವಿದೆವು, ಪ್ರಶಸ್ತಿಗಳನ್ನು ಎಣಿಸಿದೆವು, ಮೊದಲನೆಯವರನ್ನು ಆರಿಸಿದೆವು. ಯಾರನ್ನೂ ಮೈದಾನಕ್ಕೆ ಕರೆದೊಯ್ಯಲಿಲ್ಲ.

ಆ ಮಹನೀಯರಲ್ಲಿ ದೋಷವಿರಲಿಲ್ಲ. ಬೆಳಿಗ್ಗೆ ಆರಕ್ಕೆ ಬರುತ್ತಿದ್ದರು. ಹುಡುಗರನ್ನು ಚೆನ್ನಾಗಿ ಓಡಿಸುತ್ತಿದ್ದರು. ಆದರೆ ತರಗತಿಯ ವಿಷಯವು ತಮ್ಮದಲ್ಲವೆಂದು ತಿಳಿದಿದ್ದರು. ತಮ್ಮದೆಂದು ನಾವೂ ಅವರಿಗೆ ಹೇಳಿರಲಿಲ್ಲ. ತಂಡದಲ್ಲಿ ಬ್ರಹ್ಮಪುರದ ಹುಡುಗನೊಬ್ಬನಿದ್ದ, ಬಿ.ಎಸ್ಸಿ. ಓದುತ್ತಿದ್ದವನು. ಒಂದು ದಿನ ಅವನು ಅವರನ್ನು, "ಸರ, ನಾಳಿ ಇಂಟರ್ನಲ್ ಪರೀಕ್ಷಾ ಅದರಿ, ಮ್ಯಾಚಿಗಿ ಬರಬೇಕೇನ್ರಿ?" ಎಂದು ಕೇಳಿದನಂತೆ. "ನಿಮ್ಮ ಲೆಕ್ಚರರನ್ನ ಕೇಳು" ಎಂದು ಅವರು ಹೇಳಿದರು. ಹುಡುಗನು ಕೇಳಲು ಹೆದರಿ ಪಂದ್ಯಕ್ಕೆ ಹೋದನು, ಪರೀಕ್ಷೆ ತಪ್ಪಿತು. ವರ್ಷದ ಕೊನೆಗೆ ಹಾಜರಾತಿಯು ಶೇಕಡ ೭೫ಕ್ಕೆ ಮುಟ್ಟಲಿಲ್ಲ. ಮರುವರ್ಷ ಅವನು ಆಟವನ್ನು ಬಿಟ್ಟುಬಿಟ್ಟನು. ಕಾರಣವನ್ನು ನಾವು ಕೇಳಿದಾಗ ಅವನು ಹೇಳಿದ ಮಾತು ಇದು: "ಸರ, ಆಟದವರಿಗಿ ನಾ ಓದೋ ಹುಡುಗ, ಓದಿನವರಿಗಿ ಆಡೋ ಹುಡುಗ. ಯಾರಿಗೂ ಪೂರಾ ಆಗಲಿಲ್ರಿ."

ಈ ಮಾತನ್ನು ಕೇಳಿದ ಮೇಲೆ ನಮ್ಮ ಸಮಿತಿಯ ತಪ್ಪು ನಮಗೆ ತಿಳಿಯಿತು. ನಾವು ಸಹಾಯಕನನ್ನು ಮೈದಾನಕ್ಕೆಂದು ಆರಿಸಿದ್ದೆವು. ಬೇಕಾಗಿದ್ದವನು ಮೈದಾನಕ್ಕೂ ತರಗತಿಗೂ ನಡುವೆ ನಡೆದಾಡುವವನು.

ಏನನ್ನು ಕೇಳಬೇಕು

ಮೇಲಿನ ವಿವೇಚನೆಯಿಂದ ಕೆಲವು ಸೂಚನೆಗಳು ತಾವಾಗಿಯೇ ಹೊರಡುತ್ತವೆ.

ಮೊದಲನೆಯದಾಗಿ, ಅಭ್ಯರ್ಥಿಯನ್ನು ಕೋಣೆಯಲ್ಲಿ ಮಾತ್ರ ಪರೀಕ್ಷಿಸದೆ, ಹನ್ನೆರಡು ಹುಡುಗರನ್ನು ಅವನ ವಶಕ್ಕೆ ಕೊಟ್ಟು ಅರ್ಧ ಗಂಟೆ ಪಾಠ ಹೇಳಿಸಬೇಕು. ಉಪನ್ಯಾಸಕನ ಆಯ್ಕೆಯಲ್ಲಿ ಮಾದರಿ ಪಾಠವನ್ನು ಕೇಳುವ ರೂಢಿಯುಂಟು. ಆಟದ ಮಾಸ್ತರನಿಗೆ ಮಾತ್ರ ಅದು ಬೇಡವೆಂಬುದಕ್ಕೆ ಕಾರಣವಿಲ್ಲ. ಎಲ್ಲರಿಗಿಂತ ಚೆನ್ನಾಗಿ ಆಡುವ ಹುಡುಗನ ಕಡೆಗೆ ಅವನ ಕಣ್ಣು ಹೋಗುತ್ತದೆಯೋ, ಎಡಗಾಲು ಬಾರದವನ ಕಡೆಗೆ ಹೋಗುತ್ತದೆಯೋ ಎಂಬುದು ಅಷ್ಟರಲ್ಲಿ ಕಾಣಬರುತ್ತದೆ.

ಎರಡನೆಯದಾಗಿ, ಆಯ್ಕೆಯ ಸಮಿತಿಯಲ್ಲಿ ಪಾಠ ಹೇಳುವ ಉಪನ್ಯಾಸಕರೊಬ್ಬರು ಇರಬೇಕು. ಅಭ್ಯರ್ಥಿಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: 'ಪಂದ್ಯವೂ ಪರೀಕ್ಷೆಯೂ ಒಂದೇ ದಿನ ಬಂದರೆ ನೀವು ಮೊದಲು ಯಾರ ಬಳಿಗೆ ಹೋಗುವಿರಿ?' ಉತ್ತರವು ಹುಡುಗನ ಬಳಿಗೆ ಎಂದಾಗಲಿ, ಉಪನ್ಯಾಸಕರ ಬಳಿಗೆ ಎಂದಾಗಲಿ ಇದ್ದರೆ ಒಳ್ಳೆಯದು. ಅದು ತಮ್ಮ ಕೆಲಸವಲ್ಲವೆಂದರೆ ಉಳಿದ ಪ್ರಮಾಣಪತ್ರಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ಮೂರನೆಯದಾಗಿ, ಕೆಲಸವನ್ನು ಬರಹದಲ್ಲಿ ಕೊಡಬೇಕು. ತಂಡದ ಪ್ರತಿಯೊಬ್ಬ ವಿದ್ಯಾರ್ಥಿಯ ಹಾಜರಾತಿಯನ್ನು ತಿಂಗಳಿಗೊಮ್ಮೆ ನೋಡುವುದು, ಪಂದ್ಯಗಳ ತಾರೀಖನ್ನು ವಿಭಾಗಗಳಿಗೆ ಮುಂದಾಗಿ ತಿಳಿಸುವುದು, ತಪ್ಪಿದ ಪರೀಕ್ಷೆಗೆ ಬೇರೆ ದಿನವನ್ನು ಕೇಳುವುದು, ಇವು ಸಹಾಯಕನ ಕರ್ತವ್ಯಗಳಲ್ಲಿ ಸೇರಬೇಕು. ನಮ್ಮ ಬೇಸಗೆಯ ಬಿಸಿಲು ನಲವತ್ತು ಡಿಗ್ರಿಯನ್ನು ಮೀರುವುದರಿಂದ ಅಭ್ಯಾಸಕ್ಕೆ ಮುಂಜಾನೆ ಮತ್ತು ಸಂಜೆ ಮಾತ್ರ ಉಳಿಯುತ್ತವೆ. ಮಳೆಗಾಲದಲ್ಲಿ ಎರೆಮಣ್ಣಿನ ಮೈದಾನವು ಕಾಲನ್ನೇ ಹಿಡಿದುಕೊಳ್ಳುತ್ತದೆ. ದೊರೆಯುವ ಸಮಯವೇ ಇಷ್ಟು ಕಡಿಮೆಯಾಗಿರುವಾಗ ವೇಳಾಪಟ್ಟಿಯನ್ನು ಓದಬಲ್ಲವನೇ ನಿಜವಾದ ಸಹಾಯಕ.

ಕೊನೆಯದಾಗಿ, ಹಳೆಯ ವಿದ್ಯಾರ್ಥಿಗಳಲ್ಲಿ ಕಲಿಸುವ ಒಲವುಳ್ಳವರನ್ನು ಕಾಲೇಜೇ ಗುರುತಿಸಿ ಪರವಾನಗಿಯ ಶಿಬಿರಗಳಿಗೆ ಕಳುಹಿಸಬೇಕು. ಇದರಿಂದ ಎರಡು ಏಣಿಗಳ ನಡುವೆ ಒಂದು ಅಡ್ಡಪಟ್ಟಿಯನ್ನಾದರೂ ಕಟ್ಟಿದಂತಾಗುತ್ತದೆ. ಇದಕ್ಕೆ ತಗಲುವ ವೆಚ್ಚವು ಹೊಸ ಹುದ್ದೆಯೊಂದರ ವೆಚ್ಚಕ್ಕಿಂತ ಬಹಳ ಕಡಿಮೆ.

ಸಹಾಯಕನು ಗೆಲ್ಲಿಸುವನೇ ಎಂಬುದು ಕ್ಲಬ್ಬುಗಳ ಪ್ರಶ್ನೆ, ಅದು ತಪ್ಪಲ್ಲ. ಕಾಲೇಜಿನ ಪ್ರಶ್ನೆ ಬೇರೆ. ಮೂರು ವರ್ಷ ನಮ್ಮಲ್ಲಿದ್ದ ಹುಡುಗನೋ ಹುಡುಗಿಯೋ ಹೊರಡುವಾಗ ಪದವಿಯನ್ನೂ ಆಟವನ್ನೂ ಎರಡನ್ನೂ ಕೊಂಡೊಯ್ದರೇ ಎಂಬುದು ಆ ಪ್ರಶ್ನೆ. ರಹೀಮರು ಮಾಸ್ತರರಾಗಿ ಆರಂಭಿಸಿ ಒಲಿಂಪಿಕ್ಸಿನವರೆಗೆ ಹೋದರು; ಅವರ ಮಗ ಸಹಾಯಕರಾಗಿ ಕಲಿತು ತಾವೇ ಒಂದು ತಂಡವನ್ನು ಗೆಲ್ಲಿಸಿದರು, ಕೊನೆಯ ದಿನಗಳನ್ನು ನಮ್ಮ ಊರಿನಲ್ಲಿ ಕಳೆದರು. ಮುಂದಿನ ಸಲ ಆಯ್ಕೆಯ ಸಮಿತಿಯಲ್ಲಿ ಕುಳಿತಾಗ ನಾವು ಮೊದಲು ಕಡತವನ್ನು ಬಿಚ್ಚದೆ ಮೈದಾನಕ್ಕೆ ನಡೆಯುವೆವು. ಇತರ ಕಾಲೇಜುಗಳ ಸಮಿತಿಗಳೂ ಹಾಗೆಯೇ ಮಾಡಿ ನೋಡಲೆಂದು ನಮ್ಮ ವಿನಂತಿ.